ಮನಸ್ಸಿನ ಮದ್ದು, ಎದೆಯ ಎಚ್ಚರ

(ಸಂಘದ ಉಚಿತ ವಾಚನಾಲಯದ ಆರೋಗ್ಯ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಕ್ಕರೆ ಕಾಯಿಲೆಯ ಮೇಲೆ ಮಾತನಾಡುತ್ತೇವೆಂದರೆ ಈ ಕೊಠಡಿ ತುಂಬುತ್ತದೆ. ರಕ್ತದೊತ್ತಡವೆಂದರೂ ಜನ ಬರುತ್ತಾರೆ. ಮಾತು ಮುಗಿದ ಮೇಲೆ ತಮ್ಮ ತಮ್ಮ ಚೀಟಿಗಳನ್ನು ಬಿಚ್ಚಿ ತೋರಿಸಿ ಪ್ರಶ್ನೆ ಕೇಳುತ್ತಾರೆ. ಮನಸ್ಸಿನ ಕಾಯಿಲೆಯೆಂದರೆ ಮಾತ್ರ ಧ್ವನಿ ತಗ್ಗುತ್ತದೆ, ಚೀಟಿ ಕಿಸೆಯಲ್ಲಿಯೇ ಉಳಿಯುತ್ತದೆ. ಇಂದು ಸಮಿತಿಯವರು ಆ ವಿಷಯವನ್ನೇ ಆರಿಸಿಕೊಟ್ಟಿದ್ದಾರೆ. ಅದಕ್ಕಾಗಿ ಅವರಿಗೆ ಮೊದಲು ಕೃತಜ್ಞತೆ ಸಲ್ಲಿಸುತ್ತೇವೆ.

ನಾವು ಹೇಳಹೊರಟಿರುವುದು ಒಂದೇ ಒಂದು ಔಷಧದ ಮಾತು. ಅದರ ಹೆಸರು ಕ್ಲೋಜಪೀನ್. ಬೇರೆ ಯಾವ ಗುಳಿಗೆಗೂ ಬಗ್ಗದ ಮನೋರೋಗಕ್ಕೆ ಅದನ್ನು ಕೊಡುತ್ತಾರೆ. ಬಹಳ ಜನರನ್ನು ಅದು ಬದುಕಿಗೆ ಮರಳಿ ತಂದಿದೆ. ಆದರೆ ತೆಗೆದುಕೊಳ್ಳಲು ಆರಂಭಿಸಿದ ಕೆಲವೇ ವಾರಗಳಲ್ಲಿ, ಕೆಲವೇ ಮಂದಿಗೆ, ಅದು ಹೃದಯದ ಸ್ನಾಯುವಿನಲ್ಲಿ ಉರಿಯೂತವನ್ನು ಎಬ್ಬಿಸುತ್ತದೆ. ಬೇಗ ಗುರುತಿಸಿದರೆ ಪ್ರಾಣ ಉಳಿಯುವುದೇ ಹೆಚ್ಚು, ತಡವಾದರೆ ಹೋಗಲೂಬಹುದು. ಇದು ವೈದ್ಯರ ಪುಸ್ತಕದ ವಿಷಯ, ವಾಚನಾಲಯಕ್ಕೇಕೆ ಎಂದು ಕೇಳಬಹುದು. ಕಾರಣ ಇಷ್ಟೇ: ಈ ಉರಿಯೂತದ ಮೊದಲ ಗುರುತನ್ನು ಕಾಣುವವರು ಬಹುಮಟ್ಟಿಗೆ ವೈದ್ಯರಲ್ಲ, ಅದೇ ಖೋಲಿಯಲ್ಲಿ ಪಕ್ಕದ ಚಾಪೆಯ ಮೇಲೆ ಮಲಗಿರುವ ಅಣ್ಣ, ಹೆಂಡತಿ, ಊರಿನ ಗೆಳೆಯ.

ಮೊದಲು ಕಾಯಿಲೆಯನ್ನು ಅರಿತುಕೊಳ್ಳೋಣ. ಸ್ಕಿಜೋಫ್ರೀನಿಯ ಎಂಬುದೊಂದು ಕಾಯಿಲೆ. ಕನ್ನಡದಲ್ಲಿ ಇಚ್ಚಿತ್ತ ವಿಕಲತೆ ಎನ್ನುವುದುಂಟು. ಇಲ್ಲದ ಧ್ವನಿಗಳು ಕಿವಿಯಲ್ಲಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಹೂಡಿದ್ದಾರೆಂಬ ದೃಢವಾದ ನಂಬಿಕೆ, ಮಾತಿನ ಎಳೆ ತಪ್ಪುವುದು, ಸ್ನಾನ ಊಟಗಳ ಮೇಲೂ ಆಸಕ್ತಿ ಹೋಗಿ ಮೂಲೆ ಹಿಡಿದು ಕೂರುವುದು ಇದರ ಲಕ್ಷಣಗಳು. ಜಗತ್ತಿನಲ್ಲಿ ಸುಮಾರು ಮುನ್ನೂರರಿಂದ ಮುನ್ನೂರೈವತ್ತು ಮಂದಿಯಲ್ಲಿ ಒಬ್ಬರಿಗೆ ಇದು ಇರುತ್ತದೆ. ಹೆಚ್ಚಾಗಿ ಶುರುವಾಗುವುದು ಹದಿನೆಂಟು ಇಪ್ಪತ್ತರಿಂದ ಮೂವತ್ತರೊಳಗೆ. ನಮ್ಮ ಹುಡುಗರು ಊರು ಬಿಟ್ಟು ಹೋಟೆಲಿಗೆ, ಕಾರಖಾನೆಗೆ, ಆಫೀಸಿಗೆ ಬಂದು ಸೇರುವುದೂ ಅದೇ ವಯಸ್ಸಿನಲ್ಲಿ. ಆದುದರಿಂದ ಎಷ್ಟೋ ಮನೆಗಳಲ್ಲಿ “ಪಟ್ಟಣಕ್ಕೆ ಹೋಗಿ ಕೆಟ್ಟ” ಎಂಬ ಮಾತು ಬರುತ್ತದೆ. ಪಟ್ಟಣ ಕೆಡಿಸಲಿಲ್ಲ, ಯಾರೂ ಮಾಟ ಮಾಡಿಸಲಿಲ್ಲ, ತಾಯಿ ಸರಿಯಾಗಿ ಬೆಳೆಸಲಿಲ್ಲವೆಂಬುದೂ ಸುಳ್ಳು. ಇದು ಮಿದುಳಿನ ಕಾಯಿಲೆ, ಇದಕ್ಕೆ ಮದ್ದುಂಟು.

ಈ ಮದ್ದಿನ ಚರಿತ್ರೆಯಲ್ಲಿ ನಮ್ಮ ದೇಶದ ಪಾಲೂ ಇದೆ. ೧೯೩೧ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಸರ್ಪಗಂಧದ ಬೇರು ಚಿತ್ತಭ್ರಮೆಗೂ ರಕ್ತದೊತ್ತಡಕ್ಕೂ ಗುಣಕಾರಿಯೆಂದು ಬರೆದರು. ೧೯೪೯ರಲ್ಲಿ ಇದೇ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡಕ್ಕೆ ಅದರ ಉಪಯೋಗವನ್ನು ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದರು. ೧೯೫೨ರಲ್ಲಿ ಪ್ಯಾರಿಸ್ಸಿನ ಝಾನ್ ದಲೇ ಮತ್ತು ಪಿಯೆರ್ ದನಿಕೆ ಎಂಬುವರು ಕ್ಲೋರ್‌ಪ್ರೋಮಜೀನ್ ಎಂಬ ಔಷಧವನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ವರ್ಷಗಟ್ಟಲೆ ಬೀಗದ ಹಿಂದಿದ್ದವರು ಎದ್ದು ಮನೆಗೆ ಹೋಗತೊಡಗಿದರು. ಅಲ್ಲಿಂದ ಮುಂದೆ ಇಂತಹ ಔಷಧಗಳು ಒಂದಾದಮೇಲೊಂದು ಬಂದವು.

ಆದರೆ ಮೂವರಲ್ಲೋ ನಾಲ್ವರಲ್ಲೋ ಒಬ್ಬ ರೋಗಿಗೆ ಈ ಸಾಮಾನ್ಯ ಔಷಧಗಳಿಂದ ಹೇಳಿಕೊಳ್ಳುವಂತಹ ಗುಣ ಕಾಣುವುದಿಲ್ಲ. ಅಂತಹವರಿಗಾಗಿ ಇರುವುದು ಕ್ಲೋಜಪೀನ್. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಾಂಡರ್ ಕಂಪನಿಯಲ್ಲಿ ೧೯೫೮ರ ಸುಮಾರಿಗೆ ಇದು ಹುಟ್ಟಿತು; ೧೯೭೨ರಲ್ಲಿ ಯೂರೋಪಿನಲ್ಲಿ ಮಾರಾಟಕ್ಕೆ ಬಂತು. ಮೂರೇ ವರ್ಷಗಳಲ್ಲಿ ಫಿನ್ಲೆಂಡಿನಿಂದ ಕೆಟ್ಟ ಸುದ್ದಿ ಬಂತು. ಅಲ್ಲಿ ಈ ಗುಳಿಗೆ ತೆಗೆದುಕೊಂಡ ಕೆಲವರ ಬಿಳಿ ರಕ್ತಕಣಗಳು ಇದ್ದಕ್ಕಿದ್ದಂತೆ ಬತ್ತಿಹೋದವು; ಸೋಂಕನ್ನು ಎದುರಿಸಲಾರದೆ ಎಂಟು ಮಂದಿ ತೀರಿಕೊಂಡರು. ಅನೇಕ ದೇಶಗಳು ಔಷಧವನ್ನು ಬದಿಗಿಟ್ಟವು.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ, ಏಕೆಂದರೆ ಈ ಗುಳಿಗೆಯಿಂದ ಚೇತರಿಸಿಕೊಂಡವರನ್ನು ಕಣ್ಣಾರೆ ಕಂಡ ವೈದ್ಯರು ಅದನ್ನು ಮರೆಯಲಿಲ್ಲ. ೧೯೮೮ರಲ್ಲಿ ಅಮೆರಿಕೆಯ ಜಾನ್ ಕೇನ್ ಮತ್ತು ಸಂಗಡಿಗರು ಬೇರೆ ಔಷಧಗಳಿಗೆ ಜಗ್ಗದ ೨೬೮ ರೋಗಿಗಳನ್ನು ಆರಿಸಿ, ಕೆಲವರಿಗೆ ಕ್ಲೋರ್‌ಪ್ರೋಮಜೀನ್, ಕೆಲವರಿಗೆ ಕ್ಲೋಜಪೀನ್ ಕೊಟ್ಟರು. ಆರು ವಾರಗಳಲ್ಲಿ ಮೊದಲಿನ ಗುಂಪಿನಲ್ಲಿ ನೂರಕ್ಕೆ ೪ ಮಂದಿಗೆ ಗುಣ ಕಂಡಿತು. ಎರಡನೆಯ ಗುಂಪಿನಲ್ಲಿ ನೂರಕ್ಕೆ ೩೦ ಮಂದಿಗೆ. ಮರುವರ್ಷವೇ ಅಮೆರಿಕ ಅನುಮತಿ ಕೊಟ್ಟಿತು, ಆದರೆ ಬಿಳಿ ರಕ್ತಕಣಗಳನ್ನು ತಪ್ಪದೆ ಎಣಿಸಬೇಕೆಂಬ ಕರಾರಿನ ಮೇಲೆ. ಆತ್ಮಹತ್ಯೆಯ ಯೋಚನೆ ಮತ್ತೆ ಮತ್ತೆ ಬರುವ ರೋಗಿಗಳಲ್ಲಿ ಅದನ್ನು ತಗ್ಗಿಸುವ ಗುಣವೂ ಇದಕ್ಕೆ ಇದೆಯೆಂದು ಮುಂದೆ ಸಿದ್ಧವಾಯಿತು. ಇನ್ನೂ ಒಂದು ಮಾತು ಕೇಳಿ. ಯಾವ ಫಿನ್ಲೆಂಡಿನಲ್ಲಿ ಈ ಔಷಧದಿಂದ ಎಂಟು ಜೀವ ಹೋಯಿತೋ ಅದೇ ಫಿನ್ಲೆಂಡಿನಲ್ಲಿ ಸುಮಾರು ೬೭,೦೦೦ ರೋಗಿಗಳನ್ನು ಹನ್ನೊಂದು ವರ್ಷಗಳ ಕಾಲ ಲೆಕ್ಕವಿಟ್ಟು ೨೦೦೯ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹೋಲಿಸಿ ನೋಡಿದ ಔಷಧಗಳಲ್ಲಿ ಅತ್ಯಂತ ಕಡಿಮೆ ಸಾವು ಕಂಡದ್ದು ಕ್ಲೋಜಪೀನ್ ಸೇವಿಸುತ್ತಿದ್ದವರಲ್ಲಿ. ಕಾವಲಿಟ್ಟು ಬಳಸಿದರೆ ಅಪಾಯದ ಔಷಧವೂ ಪ್ರಾಣರಕ್ಷಕವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಹೃದಯದ ಕಡೆಗೆ ಬರೋಣ. ಆಸ್ಟ್ರೇಲಿಯದಲ್ಲಿ ರಕ್ತಕಣಗಳ ಲೆಕ್ಕಕ್ಕಾಗಿ ಕ್ಲೋಜಪೀನ್ ಸೇವಿಸುವ ಪ್ರತಿಯೊಬ್ಬರ ಹೆಸರನ್ನೂ ದಾಖಲಿಸುತ್ತಿದ್ದರು. ಸಿಡ್ನಿಯ ಹೃದಯವೈದ್ಯರು ೧೯೯೩ರಿಂದ ೧೯೯೯ರವರೆಗಿನ ಸುಮಾರು ೮,೦೦೦ ರೋಗಿಗಳ ಲೆಕ್ಕ ತೆಗೆದು ನೋಡಿದಾಗ ೨೩ ಮಂದಿಯ ಹೃದಯಕ್ಕೆ ಪೆಟ್ಟು ಬಿದ್ದಿರುವುದು ಕಂಡುಬಂತು. ಅವರಲ್ಲಿ ೧೫ ಮಂದಿಗೆ ಹೃದಯಸ್ನಾಯುವಿನ ಉರಿಯೂತ. ಅದರಿಂದ ಐವರು ತೀರಿಕೊಂಡಿದ್ದರು. ಉಳಿದ ಎಂಟು ಮಂದಿಗೆ ಹೃದಯದ ಸ್ನಾಯು ದುರ್ಬಲವಾಗಿ ಹಿಗ್ಗುವ ಇನ್ನೊಂದು ತೊಂದರೆ. ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. ಉರಿಯೂತವಾದ ಹದಿನೈದು ಮಂದಿಗೂ ಅದು ಬಂದದ್ದು ಗುಳಿಗೆ ಶುರುಮಾಡಿದ ಮೂರು ವಾರಗಳೊಳಗೆ. ಒಬ್ಬ ಕಳ್ಳನಿಗಾಗಿ ಇಟ್ಟ ಕಾವಲಿನಲ್ಲಿ ಇನ್ನೊಬ್ಬ ಕಳ್ಳ ಸಿಕ್ಕಿಬಿದ್ದಂತಾಯಿತು.

ಏನು ಈ ಉರಿಯೂತ? ನಮ್ಮ ಹೃದಯ ಮುಷ್ಟಿಯಷ್ಟು ಗಾತ್ರದ ಮಾಂಸದ ಪಂಪು. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದಲ್ಲವೆ? ದೇಹದ ರಕ್ಷಣಾಪಡೆ ಅಲ್ಲಿಗೆ ಧಾವಿಸಿದುದರ ಗುರುತು ಅದು. ಕೆಲವರ ದೇಹ ಈ ಔಷಧವನ್ನು ಶತ್ರುವೆಂದು ಬಗೆದು, ಹೃದಯದ ಮಾಂಸದೊಳಕ್ಕೇ ತನ್ನ ಪಡೆಯನ್ನು ನುಗ್ಗಿಸುತ್ತದೆಂದು ತಜ್ಞರು ಭಾವಿಸುತ್ತಾರೆ. ಕಾಲು ಊದಿಕೊಂಡರೆ ಒಂದೆರಡು ದಿನ ರಜೆ ಹಾಕಿ ಮಲಗಬಹುದು. ಹೃದಯಕ್ಕೆ ರಜೆಯಿಲ್ಲ. ಊದಿಕೊಂಡ ಸ್ನಾಯು ರಕ್ತವನ್ನು ಸರಿಯಾಗಿ ನೂಕಲಾರದು. ಬಡಿತದ ತಾಳವೂ ತಪ್ಪಬಹುದು.

ಇದರ ಗುರುತುಗಳು ಯಾವುವು? ಜ್ವರ, ಮೈ ಕೈ ನೋವು, ಹೇಳಲಾಗದ ಸುಸ್ತು, ಸುಮ್ಮನೆ ಕೂತಾಗಲೂ ಎದೆ ಡವಡವನೆ ಬಡಿದುಕೊಳ್ಳುವುದು, ಎದೆನೋವು, ಮೆಟ್ಟಿಲು ಹತ್ತುವಾಗ ಹಿಂದೆ ಇಲ್ಲದ ಏದುಸಿರು, ಅಥವಾ ಮಲಗಿದರೆ ಉಸಿರು ಕಟ್ಟಿದಂತಾಗುವುದು, ಪಾದಗಳ ಊತ, ತಲೆ ಸುತ್ತಿ ಬೀಳುವಂತಾಗುವುದು. ಕೆಲವರಿಗೆ ವಾಂತಿ ಭೇದಿಯೂ ಆಗುತ್ತದೆ. ಇವೆಲ್ಲವೂ ಒಟ್ಟಿಗೆ ಬರುವುದಿಲ್ಲ. ಎಷ್ಟೋ ಸಲ ಮೊದಲಿಗೆ ಬರುವುದು ಬರೀ ಜ್ವರ ಮತ್ತು ಸುಸ್ತು. ಮಳೆಗಾಲದ ಮುಂಬಯಿಯಲ್ಲಿ ಜ್ವರ ಸುಸ್ತುಗಳನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಮೋಸವಾಗುವುದು ಇಲ್ಲಿಯೇ.

ಇನ್ನೊಂದು ತೊಡಕೂ ಉಂಟು. ಉರಿಯೂತವಿಲ್ಲದೆಯೂ ಈ ಔಷಧ ಮೊದಲ ವಾರಗಳಲ್ಲಿ ಅನೇಕರ ನಾಡಿಯನ್ನು ವೇಗಗೊಳಿಸುತ್ತದೆ. ಕೆಲವರಿಗೆ ಅಪಾಯವಿಲ್ಲದ ಸಣ್ಣ ಜ್ವರವನ್ನೂ ತರುತ್ತದೆ. ಹಾಗಾದರೆ ಯಾವುದು ನಿರಪಾಯ, ಯಾವುದು ಅಪಾಯ? ಮನೆಯವರು ನಿರ್ಣಯಿಸಲು ಸಾಧ್ಯವಿಲ್ಲ, ನಿರ್ಣಯಿಸಲೂ ಬಾರದು. ರಕ್ತಪರೀಕ್ಷೆ ನಿರ್ಣಯಿಸುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಟ್ರೋಪೋನಿನ್ ಎಂಬ ವಸ್ತು ಅದರಿಂದ ರಕ್ತಕ್ಕೆ ಸೋರುತ್ತದೆ. ದೇಹದಲ್ಲಿ ಎಲ್ಲಿಯೇ ಉರಿಯೂತವಿದ್ದರೂ ಸಿ.ಆರ್.ಪಿ. ಎಂಬುದು ಏರುತ್ತದೆ. ಇವೆರಡನ್ನೂ ಅಳೆಯಬಹುದು. ಇ.ಸಿ.ಜಿ.ಯಿಂದ ಬಡಿತದ ಗತಿ ತಿಳಿಯುತ್ತದೆ. ಎಕೋ ಎಂಬ ಪರೀಕ್ಷೆಯಲ್ಲಿ ಹೃದಯ ಎಷ್ಟು ಬಲವಾಗಿ ಹಿಂಡುತ್ತಿದೆಯೆಂದು ಪರದೆಯ ಮೇಲೆಯೇ ಕಾಣುತ್ತದೆ.

ಮೆಲ್ಬರ್ನಿನ ಸಂಶೋಧಕರು ಇಂತಹ ೭೫ ರೋಗಿಗಳನ್ನು, ಉರಿಯೂತವಾಗದ ೯೪ ಮಂದಿಯೊಡನೆ ಹೋಲಿಸಿ, ೨೦೧೧ರಲ್ಲಿ ಒಂದು ಕ್ರಮವನ್ನು ಸೂಚಿಸಿದರು. ನೂರಕ್ಕೆ ಸುಮಾರು ೮೩ ಮಂದಿಗೆ ಉರಿಯೂತ ಬಂದದ್ದು ಹದಿನಾಲ್ಕನೆಯ ದಿನದಿಂದ ಇಪ್ಪತ್ತೊಂದನೆಯ ದಿನದೊಳಗೆ ಎಂದು ಅವರು ಕಂಡರು. ಆದುದರಿಂದ ಗುಳಿಗೆ ಆರಂಭಿಸುವ ಮುನ್ನ ಒಮ್ಮೆ ಟ್ರೋಪೋನಿನ್, ಸಿ.ಆರ್.ಪಿ. ಮತ್ತು ಎಕೋ, ಆಮೇಲೆ ನಾಲ್ಕು ವಾರಗಳ ಕಾಲ ವಾರಕ್ಕೊಮ್ಮೆ ಟ್ರೋಪೋನಿನ್ ಮತ್ತು ಸಿ.ಆರ್.ಪಿ. ಟ್ರೋಪೋನಿನ್ ಸಾಮಾನ್ಯ ಮಿತಿಯ ಎರಡರಷ್ಟನ್ನು ಮೀರಿದರೆ, ಅಥವಾ ಸಿ.ಆರ್.ಪಿ. ಲೀಟರಿಗೆ ೧೦೦ ಮಿಲಿಗ್ರಾಂ ದಾಟಿದರೆ, ವೈದ್ಯರು ಔಷಧವನ್ನು ನಿಲ್ಲಿಸಿ ಹೃದಯವನ್ನು ಪರೀಕ್ಷಿಸಬೇಕು. ನಾಡಿ ನಿಮಿಷಕ್ಕೆ ೧೨೦ ಮುಟ್ಟಿದರೆ, ಅಥವಾ ಮೊದಲಿಗಿಂತ ೩೦ಕ್ಕೂ ಹೆಚ್ಚು ಏರಿದರೆ, ದಿನವೂ ಪರೀಕ್ಷಿಸಿ ನೋಡಬೇಕು. ಎಲ್ಲ ದೇಶಗಳಲ್ಲಿಯೂ ಎಲ್ಲ ಆಸ್ಪತ್ರೆಗಳಲ್ಲಿಯೂ ಈ ಕ್ರಮವನ್ನು ಅಕ್ಷರಶಃ ಪಾಲಿಸುತ್ತಾರೆಂದಲ್ಲ. ಆದರೆ ಬಿಳಿ ರಕ್ತಕಣ ಎಣಿಸಲು ಮೊದಲ ತಿಂಗಳುಗಳಲ್ಲಿ ಹೇಗೂ ವಾರಕ್ಕೊಮ್ಮೆ ರಕ್ತ ಕೊಡಲೇಬೇಕು. ಅದೇ ಸೂಜಿ, ಅದೇ ದಿನ. ಇನ್ನೆರಡು ಪರೀಕ್ಷೆ ಸೇರಿಸಬಹುದೆ ಎಂದು ವೈದ್ಯರನ್ನು ವಿನಯದಿಂದ ಕೇಳಿ. ಕೇಳುವುದರಲ್ಲಿ ಅವಿಧೇಯತೆಯೇನೂ ಇಲ್ಲ. ಅಮೆರಿಕ ೨೦೨೫ರಲ್ಲಿ ಈ ಔಷಧದ ಕಡ್ಡಾಯ ನೋಂದಣಿಯ ವ್ಯವಸ್ಥೆಯನ್ನು ಕೈಬಿಟ್ಟಿತೆಂಬುದು ನಿಜ. ಕೈಬಿಟ್ಟದ್ದು ದಾಖಲೆಪತ್ರಗಳ ಕಟ್ಟುಪಾಡನ್ನು; ರಕ್ತಪರೀಕ್ಷೆ ಬೇಡವೆಂದು ಅಲ್ಲಿಯೂ ಹೇಳಿಲ್ಲ.

ಇಷ್ಟು ಹೇಳಿದ ಮೇಲೆ ಅಳತೆಯನ್ನೂ ಹೇಳಬೇಕು. ಇಲ್ಲವಾದರೆ ನಿಮ್ಮನ್ನು ಹೆದರಿಸಿ ಕಳಿಸಿದಂತಾಗುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ೨೦೨೦ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕ್ಲೋಜಪೀನ್ ತೆಗೆದುಕೊಂಡ ಸಾವಿರ ಮಂದಿಯಲ್ಲಿ ಸುಮಾರು ಏಳು ಮಂದಿಗೆ ಈ ಉರಿಯೂತ ಬರುತ್ತದೆ. ಹಾಗೆ ಬಂದವರಲ್ಲಿ ಎಂಟಕ್ಕೆ ಒಬ್ಬರಂತೆ ಸಾವು ಸಂಭವಿಸಿದೆ. ಅಂದರೆ ಸಾವಿರದಲ್ಲಿ ಒಂಬೈನೂರ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಈ ತೊಂದರೆಯೇ ಇಲ್ಲ. ಬಂದವರಲ್ಲಿಯೂ ಹೆಚ್ಚಿನವರು ಬದುಕುತ್ತಾರೆ. ಆಸ್ಟ್ರೇಲಿಯದ ಲೆಕ್ಕಗಳಲ್ಲಿ ಈ ಪ್ರಮಾಣ ಬೇರೆ ದೇಶಗಳಿಗಿಂತ ಹೆಚ್ಚಾಗಿ ಕಾಣುತ್ತದೆ. ಅಲ್ಲಿ ಹೆಚ್ಚು ಹುಡುಕುವುದರಿಂದಲೋ, ಪ್ರಮಾಣವನ್ನು ಬೇಗಬೇಗ ಏರಿಸುತ್ತಿದ್ದುದರಿಂದಲೋ ಎಂಬ ಬಗ್ಗೆ ತಜ್ಞರಲ್ಲಿ ವಾದವುಂಟು. ವಾರಗಳಲ್ಲಲ್ಲದೆ ತಿಂಗಳು ವರ್ಷಗಳ ಮೇಲೆ ನಿಧಾನವಾಗಿ ಹೃದಯ ದುರ್ಬಲವಾಗುವುದೂ ಅಪರೂಪವಾಗಿ ಉಂಟು. ಆದುದರಿಂದ ಹಳೆಯ ರೋಗಿಗೂ ಹೊಸದಾಗಿ ಏದುಸಿರು ಬಂದರೆ, ಪಾದ ಊದಿಕೊಂಡರೆ ತೋರಿಸಬೇಕು.

ಬೇರೆ ಮನೋರೋಗದ ಔಷಧಗಳಿಂದ ಇದು ಬರುವುದಿಲ್ಲವೆ ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಗೆ ನಾನಾ ದೇಶಗಳಿಂದ ಬಂದ ವರದಿಗಳನ್ನು ಜಾಲಾಡಿ ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಲೋಜಪೀನಿಗೂ ಹೃದಯಸ್ನಾಯುವಿನ ತೊಂದರೆಗೂ ಬಲವಾದ ನಂಟು ಕಂಡಿತು. ಇತರ ಕೆಲವು ಔಷಧಗಳಲ್ಲಿ ಬಹಳ ದುರ್ಬಲವಾದ ನಂಟು ಮಾತ್ರ. ಆದುದರಿಂದ ಮನೋರೋಗದ ಗುಳಿಗೆಯೆಂದ ಮಾತ್ರಕ್ಕೆ ಎಲ್ಲವನ್ನೂ ಅನುಮಾನಿಸಬೇಕಾಗಿಲ್ಲ.

ಅಪಾಯವನ್ನು ತಗ್ಗಿಸುವ ಮುಖ್ಯ ಉಪಾಯ ನಿಧಾನ. ಮೊದಲ ದಿನ ಹನ್ನೆರಡೂವರೆ ಮಿಲಿಗ್ರಾಂ, ಅಂದರೆ ಇಪ್ಪತ್ತೈದರ ಗುಳಿಗೆಯಲ್ಲಿ ಅರ್ಧ, ಒಂದು ಸಲ ಅಥವಾ ಎರಡು ಸಲ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ನಮ್ಮ ಏಷ್ಯದ ಜನರ ದೇಹ ಈ ಔಷಧವನ್ನು ಪಾಶ್ಚಾತ್ಯರಷ್ಟು ಬೇಗ ಕರಗಿಸಿ ಹೊರಹಾಕುವುದಿಲ್ಲ. ಆದುದರಿಂದ ನಮಗೆ ಕಡಿಮೆ ಪ್ರಮಾಣ, ಇನ್ನೂ ನಿಧಾನವಾದ ಏರಿಕೆ ಒಳ್ಳೆಯದೆಂದು ಇತ್ತೀಚಿನ ತಜ್ಞರು ಹೇಳುತ್ತಾರೆ. ಮೆಲ್ಬರ್ನಿನವರೇ ಕಂಡ ಇನ್ನೆರಡು ಸಂಗತಿಗಳಿವೆ: ಬೇಗಬೇಗ ಏರಿಸಿದವರಲ್ಲಿ ಉರಿಯೂತ ಹೆಚ್ಚು; ಜೊತೆಗೆ ಸೋಡಿಯಂ ವ್ಯಾಲ್ಪ್ರೊಯೇಟ್ ಎಂಬ ಮೂರ್ಛೆರೋಗದ ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ಸುಮಾರು ಎರಡೂವರೆ ಪಟ್ಟು ಹೆಚ್ಚು. ಆದುದರಿಂದ “ಹುಡುಗನಿಗೆ ಬೇಗ ಗುಣವಾಗಲಿ, ಗುಳಿಗೆ ಜೋರು ಮಾಡಿ ಸ್ವಾಮಿ” ಎಂದು ವೈದ್ಯರನ್ನು ಅವಸರಪಡಿಸಬೇಡಿ. ಮನಸ್ಸಿನ ಗಾಯ ಮಾಯಲು ವಾರಗಳೇ ಬೇಕು.

ಇನ್ನು ಹೇಳುವುದು ಪರದೇಶಿಗಳಾಗಿ ದುಡಿಯುವ ನಮ್ಮಂತಹವರಿಗೆ ವಿಶೇಷವಾಗಿ ಸಂಬಂಧಿಸಿದ್ದು.

ಮೊದಲನೆಯದು ಊರಿನ ಪ್ರಯಾಣ. ಚೌತಿಗೆ, ದೀಪಾವಳಿಗೆ, ಊರ ಜಾತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಗುಳಿಗೆಯ ಪೊಟ್ಟಣ ಇಲ್ಲಿಯೇ ಉಳಿಯುತ್ತದೆ. ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ನಾಲ್ಕು ದಿನ ಕಳೆದು ಹಿಂದಿರುಗಿ ಬಂದ ಕೂಡಲೆ ಹಳೆಯ ಪೂರ್ತಿ ಪ್ರಮಾಣವನ್ನೇ ನುಂಗುತ್ತಾರೆ. ಇದು ದೊಡ್ಡ ಅಪಾಯ. ನಲವತ್ತೆಂಟು ಗಂಟೆ, ಅಂದರೆ ಎರಡು ದಿನಕ್ಕಿಂತ ಹೆಚ್ಚು ಕಾಲ ಗುಳಿಗೆ ತಪ್ಪಿದರೆ ಮತ್ತೆ ಹನ್ನೆರಡೂವರೆಯಿಂದಲೇ ಆರಂಭಿಸಬೇಕು. ಅದೂ ವೈದ್ಯರನ್ನು ಕೇಳಿಯೇ. ಇಲ್ಲವಾದರೆ ರಕ್ತದೊತ್ತಡ ಕುಸಿದು ಬೀಳಬಹುದು, ಹೃದಯಕ್ಕೂ ತೊಂದರೆಯಾಗಬಹುದು. ಟಿಕೆಟ್ಟಿನ ಜೊತೆ ಗುಳಿಗೆಯನ್ನು ಕಟ್ಟಿಕೊಳ್ಳಿ. ಎರಡು ದಿನದ್ದು ಹೆಚ್ಚೇ ಇರಲಿ, ಗಾಡಿ ತಡವಾಗಬಹುದು. ಚಿಕಿತ್ಸೆಯ ಮೊದಲ ನಾಲ್ಕು ವಾರಗಳಲ್ಲಿ ಆಸ್ಪತ್ರೆಯಿಂದ ದೂರದ ಊರಿಗೆ ಹೋಗದಿರುವುದೇ ಲೇಸು.

ಎರಡನೆಯದು ಬೀಡಿ ಮತ್ತು ಕಾಫಿ. ಬೀಡಿ ಸಿಗರೇಟಿನ ಹೊಗೆ ಈ ಔಷಧವನ್ನು ದೇಹ ಬೇಗ ಕರಗಿಸುವಂತೆ ಮಾಡುತ್ತದೆ. ಸೇದುವವನಿಗೆ ವೈದ್ಯರು ಅದಕ್ಕೆ ತಕ್ಕ ಪ್ರಮಾಣ ಗೊತ್ತುಮಾಡಿರುತ್ತಾರೆ. ಅವನು ಒಮ್ಮೆಲೆ ಬಿಟ್ಟರೆ ಅದೇ ಗುಳಿಗೆ ರಕ್ತದಲ್ಲಿ ಗಣನೀಯವಾಗಿ ಏರುತ್ತದೆ. ಬೀಡಿ ಸೇದುತ್ತಲೇ ಇರಿ ಎಂದು ನಾವು ಹೇಳುತ್ತಿಲ್ಲ; ಬಿಡುವುದೇ ಒಳ್ಳೆಯದು, ಆದರೆ ಬಿಡುವ ಮುನ್ನ ವೈದ್ಯರಿಗೆ ತಿಳಿಸಿ. ಕಾಫಿಯದು ಇದಕ್ಕೆ ತಿರುಗುಮುರುಗು. ಅತಿಯಾಗಿ ಕುಡಿದರೆ ಔಷಧ ರಕ್ತದಲ್ಲಿ ಏರುತ್ತದೆ. ಹೋಟೆಲಿನಲ್ಲಿ ಕೆಲಸ ಮಾಡುವವರಿಗೆ ಕಾಫಿಯ ಲೆಕ್ಕ ಇರುವುದಿಲ್ಲ, ಲೆಕ್ಕವಿಟ್ಟುಕೊಳ್ಳಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಂದು ಮನೆಯನ್ನು ಊಹಿಸಿಕೊಳ್ಳಿ. ತಮ್ಮನಿಗೆ ಹೊಸದಾಗಿ ಈ ಗುಳಿಗೆ ಶುರುವಾಗಿದೆ. ಹದಿನಾರನೆಯ ದಿನ ಜ್ವರ ಬರುತ್ತದೆ. ಅಣ್ಣ ಅವನನ್ನು ಗಲ್ಲಿಯ ಡಾಕ್ಟರರಲ್ಲಿಗೆ ಕರೆದುಕೊಂಡು ಹೋಗುತ್ತಾನೆ. ಡಾಕ್ಟರರು, ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತಾನೆಯೆ ಎಂದು ಕೇಳುತ್ತಾರೆ. ಅಣ್ಣ ಹಿಂದೆ ತಿರುಗಿ ನೋಡುತ್ತಾನೆ. ಬೆಂಚಿನ ಮೇಲೆ ಅದೇ ಚಾಳಿನ ನಾಲ್ಕು ಜನ ಕೂತಿದ್ದಾರೆ. ತಂಗಿಯ ಸಂಬಂಧದ ಮಾತು ನಡೆಯುತ್ತಿದೆ. “ಏನೂ ಇಲ್ಲ ಸಾಹೇಬರೆ” ಎಂದುಬಿಡುತ್ತಾನೆ. ಜ್ವರದ ಗುಳಿಗೆ ಬರುತ್ತದೆ. ಭೇದಿಯೂ ಇದ್ದರೆ ಸಿಪ್ರೊಫ್ಲಾಕ್ಸಾಸಿನ್ ಬರುತ್ತದೆ. ಈ ಸಿಪ್ರೊಫ್ಲಾಕ್ಸಾಸಿನ್ ಕ್ಲೋಜಪೀನನ್ನು ರಕ್ತದಲ್ಲಿ ಇನ್ನೂ ಏರಿಸುತ್ತದೆ. ಡಾಕ್ಟರರದೇನೂ ತಪ್ಪಿಲ್ಲ, ಅವರಿಗೆ ತಿಳಿಯದು. ಎರಡು ದಿನ ಕಳೆಯುತ್ತದೆ. ಆ ಎರಡು ದಿನಗಳೇ ಹೃದಯಕ್ಕೆ ಬೇಕಾಗಿದ್ದ ದಿನಗಳು.

ಬಂಧುಗಳೆ, ಆ ಅಣ್ಣ ಕೆಟ್ಟವನಲ್ಲ. ಮನೆಯ ಮಾನವನ್ನು ಕಾಯಹೊರಟವನು. ಆದರೆ ಒಂದು ಹೆಸರನ್ನು ಮುಚ್ಚಿಟ್ಟು ಕಾಯ್ದ ಮಾನಕ್ಕೆ ತಮ್ಮನ ಹೃದಯ ಬೆಲೆ ತೆರಬೇಕಾಗಿ ಬಂದರೆ, ಆ ವ್ಯಾಪಾರದಲ್ಲಿ ನಮಗೆ ಉಳಿಯುವುದೇನು? ಎಲ್ಲರೆದುರಿಗೆ ಕೂಗಿ ಹೇಳಬೇಕಾಗಿಲ್ಲ. ಗುಳಿಗೆಯ ಹೆಸರು, ಪ್ರಮಾಣ, ಶುರುಮಾಡಿದ ತಾರೀಖು, ಬರೆದುಕೊಟ್ಟ ವೈದ್ಯರ ಫೋನ್ ನಂಬರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಕಿಸೆಯಲ್ಲಿಡಿ. ಔಷಧದ ಅಂಗಡಿಯವರನ್ನು ಕೇಳಿ ಹೆಸರನ್ನು ಇಂಗ್ಲಿಷಿನಲ್ಲಿಯೂ ಬರೆಸಿಕೊಳ್ಳಿ. ಡಾಕ್ಟರರ ಮುಂದೆ ಆ ಚೀಟಿಯನ್ನು ಇಟ್ಟರೆ ಸಾಕು, ಬಾಯಿ ತೆರೆಯುವ ಅಗತ್ಯವೂ ಇಲ್ಲ.

ನಾಲ್ಕು ವಾರಗಳ ಕಾಲ ಮನೆಯವರು ಮಾಡಬೇಕಾದುದು ಬಹಳವಿಲ್ಲ. ಪ್ರತಿದಿನ ಬೆಳಿಗ್ಗೆ ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಮಣಿಕಟ್ಟಿನ ನಾಡಿ ಹಿಡಿದು, ಗಡಿಯಾರ ನೋಡಿಕೊಂಡು ಒಂದು ನಿಮಿಷ ಎಣಿಸಿ. ಥರ್ಮಾಮೀಟರಿನಿಂದ ಜ್ವರ ನೋಡಿ. ಎರಡನ್ನೂ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿಯೇ ಬರೆಯಿರಿ. ನಿನ್ನೆ ೮೮ ಇದ್ದುದು ಇಂದು ೧೨೪ ಆಗಿದ್ದರೆ ಆ ಅಂಕಿಯೇ ಮಾತನಾಡುತ್ತದೆ. ಜ್ವರ, ನಾಡಿಯ ವೇಗ, ಎದೆನೋವು, ಏದುಸಿರು, ಇವುಗಳಲ್ಲಿ ಯಾವುದೇ ಕಂಡರೂ ಅಂದೇ ಮನೋವೈದ್ಯರಿಗೆ ತಿಳಿಸಿ. ಮುಂದಿನ ಗುಳಿಗೆ ಕೊಡಬೇಕೆ ಬೇಡವೆ ಎಂದು ಕೇಳಿಯೇ ಕೊಡಿ. ಅವರು ಸಿಗದಿದ್ದರೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಗುಳಿಗೆಯ ಪೊಟ್ಟಣ ಸಮೇತ ಹೋಗಿ, “ಕ್ಲೋಜಪೀನ್ ಶುರುಮಾಡಿ ಇಷ್ಟು ದಿನವಾಯಿತು, ಹೃದಯ ನೋಡಿ” ಎಂದು ಹೇಳಿ. ಏದುಸಿರು, ಎದೆನೋವು, ಎಚ್ಚರ ತಪ್ಪುವುದು ಕಂಡರೆ ಕಾಯಲೇಬೇಡಿ. ೧೦೮ಕ್ಕೆ ಫೋನ್ ಮಾಡಿ.

ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ಇಂದಿನ ಭಾಷಣ ಕೇಳಿ ಯಾರಾದರೂ ಮನೆಗೆ ಹೋಗಿ, ವರ್ಷಗಳಿಂದ ಗುಣವಾಗಿರುವ ಮಗನ ಗುಳಿಗೆಯನ್ನು ಕಿತ್ತೆಸೆದರೆ ನಮ್ಮ ಮಾತಿನಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಒಮ್ಮೆಲೆ ನಿಲ್ಲಿಸಿದರೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳಬಹುದು. ಯಾವ ತೊಂದರೆಯೂ ಇಲ್ಲದವನು ಗುಳಿಗೆಯನ್ನು ಬಿಡಬಾರದು. ತೊಂದರೆ ಕಂಡವನು ತಡಮಾಡಬಾರದು. ಇವೆರಡನ್ನೂ ಒಟ್ಟಿಗೆ ನೆನಪಿಡಬೇಕು.

ಉರಿಯೂತವೆಂದು ಖಚಿತವಾದರೆ ವೈದ್ಯರು ಕ್ಲೋಜಪೀನನ್ನು ನಿಲ್ಲಿಸಿ, ಆಸ್ಪತ್ರೆಯಲ್ಲಿಟ್ಟು, ಹೃದಯಕ್ಕೆ ಆಧಾರವಾಗುವ ಔಷಧ ಕೊಡುತ್ತಾರೆ. ಬೇಗ ನಿಲ್ಲಿಸಿದವರಲ್ಲಿ ಹೆಚ್ಚಿನವರ ಹೃದಯ ಚೇತರಿಸಿಕೊಳ್ಳುತ್ತದೆ. ಆಗ ತಾಯಿ ಕೇಳುವ ಪ್ರಶ್ನೆ ಬೇರೆ: “ಎದೆ ಉಳಿಯಿತು, ಇನ್ನು ಇವನ ಮನಸ್ಸಿನ ಗತಿಯೇನು? ಎಲ್ಲ ಮದ್ದು ಮುಗಿದ ಮೇಲೆ ತಾನೆ ಇದನ್ನು ಕೊಟ್ಟದ್ದು?” ಇದಕ್ಕೆ ಸುಲಭವಾದ ಉತ್ತರವಿಲ್ಲ. ಬೇರೆ ಔಷಧಗಳನ್ನು ಹೊಂದಿಸಿ ನೋಡುತ್ತಾರೆ. ಕೆಲವರಿಗೆ ವಿದ್ಯುತ್ ಚಿಕಿತ್ಸೆಯಿಂದ ಅನುಕೂಲವಾಗುತ್ತದೆ. ಬೇರೆ ದಾರಿಯೇ ಇಲ್ಲದಾಗ, ಹೃದಯವೈದ್ಯರೂ ಮನೋವೈದ್ಯರೂ ಜೊತೆಗೂಡಿ, ಆಸ್ಪತ್ರೆಯಲ್ಲಿಟ್ಟು, ಅತಿ ನಿಧಾನವಾಗಿ ಅದೇ ಔಷಧವನ್ನು ಮರಳಿ ಕೊಟ್ಟು ಯಶಸ್ಸು ಕಂಡದ್ದೂ ಉಂಟು. ಉರಿಯೂತ ಮರುಕಳಿಸಿದ್ದೂ ಉಂಟು. ಅದನ್ನು ವೈದ್ಯರೊಬ್ಬರೇ ತೀರ್ಮಾನಿಸುವುದಲ್ಲ. ರೋಗಿಯೂ ಮನೆಯವರೂ ಕೂಡಿ ಕುಳಿತು ತೂಗಿ ನೋಡಬೇಕಾದುದು.

ಅದಕ್ಕೆ ಕಾನೂನಿನ ಬೆಂಬಲವೂ ಇದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಕೊಡುವ ಚಿಕಿತ್ಸೆ ಯಾವುದು, ಅದರ ಅಡ್ಡಪರಿಣಾಮಗಳೇನು ಎಂದು ತಿಳಿಯುವುದು ರೋಗಿಯ ಹಕ್ಕು. ಅವನ ಕಾಯಿಲೆಯ ವಿಷಯವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ಮಾತಿಗೆ ಯಾರೂ ಸಿಗದಿದ್ದರೆ, ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ ಇದೆ. ೧೪೪೧೬ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿಯೆನ್ನದೆ, ಖರ್ಚಿಲ್ಲದೆ, ಕನ್ನಡದಲ್ಲಿಯೂ ಮಾತನಾಡಬಹುದು. ಪರಭಾಷೆಯ ಊರಿನಲ್ಲಿ ಮನಸ್ಸಿನ ನೋವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳುವುದೇ ಅರ್ಧ ಮದ್ದು. ಯಾವುದೇ ಔಷಧದಿಂದ ತೊಂದರೆಯಾದರೆ ಅದನ್ನು ವರದಿ ಮಾಡಲು ೨೦೧೦ರಿಂದ ನಮ್ಮ ದೇಶದಲ್ಲಿಯೂ ವ್ಯವಸ್ಥೆಯಿದೆ. ೧೮೦೦-೧೮೦-೩೦೨೪ ಎಂಬ ಉಚಿತ ನಂಬರಿಗೆ ರೋಗಿಯೇ, ಮನೆಯವರೇ ತಿಳಿಸಬಹುದು. ಸಿಡ್ನಿಯವರು ಇಪ್ಪತ್ತಮೂರು ಮಂದಿಯ ಲೆಕ್ಕ ಬರೆದಿಟ್ಟುದರಿಂದಲ್ಲವೆ ಇಂದು ನಾವು ಈ ಮಾತನ್ನು ಇಲ್ಲಿ ಆಡಲು ಸಾಧ್ಯವಾದದ್ದು?

ಕೊನೆಯದಾಗಿ ಖೋಲಿಯ ಜೊತೆಗಾರರಿಗೆ ಒಂದು ವಿನಂತಿ. ನಮ್ಮಲ್ಲಿ ಎಷ್ಟೋ ಹುಡುಗರಿಗೆ ಈ ಊರಿನಲ್ಲಿ ತಾಯಿ ತಂದೆ ಇಲ್ಲ; ಇರುವವರು ನೀವು. ಒಬ್ಬನಿಗೆ ಮನಸ್ಸಿನ ಕಾಯಿಲೆಯೆಂದು ತಿಳಿದ ದಿನ ಅವನ ಚಾಪೆಯನ್ನು ದೂರ ಸರಿಸಬೇಡಿ. ಅವನ ನಾಡಿ ಎಣಿಸುವ ಕೈ ನಿಮ್ಮದಾಗಲಿ. ನಿಮಿಷಕ್ಕೆ ಎಷ್ಟು ಬಡಿಯಿತೆಂದು ಬರೆಯಲು ವೈದ್ಯವಿದ್ಯೆ ಬೇಡ. ಗಡಿಯಾರವೊಂದು, ಸೀಸದಕಡ್ಡಿಯೊಂದು ಸಾಕು.

  ಯಾರಿಗಾದರೂ ಕೇಳುವುದಿದ್ದರೆ ನಾವು ಇನ್ನೊಂದು ಗಂಟೆ ಇಲ್ಲಿಯೇ ಇರುತ್ತೇವೆ. ಚೀಟಿ ತೋರಿಸಲು ಸಂಕೋಚ ಬೇಡ.